ಟವೆಲ್ ಒಳಗೆ ಕೊಟ್ಟ ಮಾತು

ಇಡೀ ನೌಕರಿಯ ಕಾಲ ನನ್ನ ಸೊಂಟದಲ್ಲಿ ಒಂದು ಬೀಗದ ಕೈ ತೂಗಾಡಿತು. ಹಾವೇರಿಯ ಒಂದು ಆಸ್ಪತ್ರೆಯ ಮನೋರೋಗ ವಾರ್ಡಿನ ಬಾಗಿಲಿನದು ಅದು. ಆ ಬಾಗಿಲು ಹಾಕುವುದು, ತೆಗೆಯುವುದು ನನ್ನ ಮೊದಲನೆಯ ಕರ್ತವ್ಯ. ಬಾಗಿಲು ಹಾಕಿದ್ದೇಕೆ ಎಂದು ಒಳಗಿದ್ದವರು ಹೇಳುವ ದೂರನ್ನು ಬರೆದುಕೊಂಡು, ಸಹಿ ಹಾಕಿಸಿ, ಮೇಲಿನವರಿಗೆ ಮುಟ್ಟಿಸುವುದು ಆಮೇಲೆ ಸೇರಿದ ಎರಡನೆಯ ಕರ್ತವ್ಯ. ಎರಡೂ ಒಂದೇ ಕೈಯಿಂದ. ಇಷ್ಟು ಘನವಾದ ಹುದ್ದೆ ಸರ್ಕಾರದಲ್ಲಿ ಇನ್ನೊಂದು ಇರಲಾರದು. ಕಾಗದದ ಮೇಲೆ ಅದಕ್ಕೆ ಶುಶ್ರೂಷಾಧಿಕಾರಿ ಎಂದು ಹೆಸರು. ಜನರ ಬಾಯಲ್ಲಿ ಬರೀ ‘ಬ್ರದರ್’. ಹಳ್ಳಿಯ ತಾಯಂದಿರು ಅಷ್ಟಕ್ಕೆ ಗೌರವ ಸಾಲದೆಂದು ‘ಬ್ರದರಣ್ಣಾ’ ಎನ್ನುತ್ತಿದ್ದರು. ಹೀಗಾಗಿ ನಾನು ಎರಡು ಭಾಷೆಯಲ್ಲಿ ಅಣ್ಣನಾಗಿ ನಿವೃತ್ತನಾದೆ.

ಈಗ ರಾಣೆಬೆನ್ನೂರಿನ ಮನೆಯ ಕಟ್ಟೆಯ ಮೇಲೆ ಕುಳಿತು ಇದನ್ನು ಬರೆಯುತ್ತಿರುವುದು, ಆ ವಾರ್ಡಿಗೇ ಹೊಸದಾಗಿ ಸೇರಿರುವ ಹುಡುಗ ಹುಡುಗಿಯರಿಗಾಗಿ. ಚುಚ್ಚುಮದ್ದು ಹಾಕುವುದು, ಗುಳಿಗೆ ಕೊಡುವುದು ನಿಮಗೆ ಕಾಲೇಜಿನಲ್ಲಿ ಕಲಿಸಿದ್ದಾರೆ. ನನಗಿಂತ ಚೆನ್ನಾಗಿಯೇ ಕಲಿಸಿದ್ದಾರೆ. ಆದರೆ “ನನ್ನ ಯಾಕ ಇಲ್ಲಿ ಇಟ್ಟೀರಿ? ಯಾವಾಗ ಬಿಡ್ತೀರಿ?” ಎಂದು ಒಬ್ಬ ಮನುಷ್ಯ ಕೇಳಿದಾಗ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಅದನ್ನು ಕಲಿಸಲು ಒಬ್ಬ ಹಿರಿಯ ಡಾಕ್ಟರಿದ್ದರು. ದೊಡ್ಡ ಮನುಷ್ಯ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮನಸ್ಸು. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದರು.

“ನೋಡಪಾ, ನಮ್ಮ ವಾರ್ಡಿನ್ಯಾಗ ಎಲ್ಲಾದಕ್ಕಿಂತ ತಾಕತ್ತಿನ ಔಷಧ ಯಾವುದು, ಗೊತ್ತೈತೇನು?”

ನಾನು ಓದಿದ್ದ ಎರಡು ಉದ್ದನೆಯ ಹೆಸರು ಹೇಳಿದೆ.

“ಅಲ್ಲ. ‘ನಾಳೆ’. ಯಾವಾಗ ಬಿಡ್ತೀರಿ ಅಂತ ಕೇಳಿದ್ರ ನಾಳೆ ಅನ್ನು. ನಾಳೆ ಕೇಳಿದ್ರ ಮತ್ತ ನಾಳೆ ಅನ್ನು. ಹೊಟ್ಟಿ ಕೆಡೂದಿಲ್ಲ, ನಾಲಿಗಿ ಒಣಗೂದಿಲ್ಲ. ಸರ್ಕಾರಕ್ಕ ಖರ್ಚೂ ಇಲ್ಲ.”

ಆ ಔಷಧವನ್ನು ನಾನು ವರ್ಷಗಟ್ಟಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಂಚಿದೆ. ಮನೆಯವರು ಅದನ್ನು ಇನ್ನೂ ಮೊದಲೇ ಶುರು ಮಾಡಿರುತ್ತಿದ್ದರು. ನಮ್ಮಲ್ಲಿಗೆ ಬಂದವರಲ್ಲಿ ಆಸ್ಪತ್ರೆಗೆಂದೇ ಹೊರಟು ಬಂದವರು ಕಡಿಮೆ. ಹಲ್ಲು ತೋರಿಸಿಕೊಂಡು ಬರೋಣ ಎಂದು ಒಬ್ಬರನ್ನು, ಕನ್ಯೆ ನೋಡಿ ಬರೋಣ ಎಂದು ಇನ್ನೊಬ್ಬರನ್ನು ಕರೆತರುತ್ತಿದ್ದರು. ಕನ್ಯೆ ನೋಡಲು ಬಂದವನು ಪಾಪ, ನಮ್ಮ ಲಲಿತಾ ಸಿಸ್ಟರನ್ನು ನೋಡಿ “ವಯಸ್ಸು ಸ್ವಲ್ಪ ಜಾಸ್ತಿ ಆತು” ಎಂದು ಬೇಸರಪಟ್ಟುಕೊಂಡಿದ್ದ. ಸಿಸ್ಟರ್ ಅವನಿಗೆ ಆ ದಿನದ ಚುಚ್ಚುಮದ್ದನ್ನು ಸಾವಕಾಶವಾಗಿ ಹಾಕಲಿಲ್ಲ.

ಆಮೇಲೆ ಹೊಸ ಕಾನೂನು ಬಂತು. ಅದು ಹೇಳಿದ್ದು ಇಷ್ಟು: ಮನುಷ್ಯನ ಮನಸ್ಸು ಕೆಟ್ಟಿದೆ ಎಂದ ಮಾತ್ರಕ್ಕೆ ಅವನ ಮಾತು ಕೆಟ್ಟಿಲ್ಲ. ಅವನು ಬೇಡವೆಂದರೂ ಇಟ್ಟುಕೊಳ್ಳಬೇಕಾದರೆ ಮನೆಯವರೊಬ್ಬರು ಅವನ ಪ್ರತಿನಿಧಿಯಾಗಿ ಅರ್ಜಿ ಕೊಡಬೇಕು, ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಮೇಲಿನ ಮಂಡಳಿಗೆ ತಿಳಿಸಬೇಕು. ಅವನಿಗೆ ಒಪ್ಪಿಗೆಯಿಲ್ಲದಿದ್ದರೆ ಅವನು ಆ ಮಂಡಳಿಗೆ ದೂರು ಕೊಡಬಹುದು, ಮಂಡಳಿ ಕೇಳಲೇಬೇಕು. ಈ ಸಂಗತಿಯನ್ನು ದೊಡ್ಡ ಅಕ್ಷರದಲ್ಲಿ ಬರೆದ ಹಲಗೆಯನ್ನು ವಾರ್ಡಿನ ಗೋಡೆಗೆ ಹೊಡೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊಳೆ ಹೊಡೆಯುತ್ತಲೇ “ಇನ್ನ ನಮ್ಮ ಕಥಿ ಮುಗೀತು” ಎಂದು ಲಲಿತಾ ಸಿಸ್ಟರಿಗೆ ಹೇಳಿದೆ. “ಮೊಳಿ ಸೊಟ್ಟ ಹೋಗೇತಿ, ಮೊದಲ ಅದನ್ನ ನೋಡ್ರಿ” ಎಂದರು ಅವರು.

ಕಥೆ ಮುಗಿಯಲಿಲ್ಲ, ಶುರುವಾಯಿತು. ದೂರುಗಳು ಬರತೊಡಗಿದವು. ಒಂದೊಂದೂ ಮುತ್ತಿನಂಥವು.

ರಾಣೆಬೆನ್ನೂರಿನ ಬಟ್ಟೆ ಅಂಗಡಿಯ ಯಜಮಾನರೊಬ್ಬರನ್ನು ಅಳಿಯಂದಿರು “ದೇವರಗುಡ್ಡಕ್ಕ ಹೋಗಿ ಮಾಲತೇಶಗ ಕೈಮುಗದು ಬರೂಣು” ಎಂದು ಕಾರಿನಲ್ಲಿ ಕೂರಿಸಿಕೊಂಡು, ಗುಡ್ಡದ ದಾರಿ ಬಿಟ್ಟು ಹಾವೇರಿ ದಾರಿ ಹಿಡಿದಿದ್ದರು. ಯಜಮಾನರ ದೂರು ಹೀಗಿತ್ತು: “ನನ್ನ ಇಲ್ಲಿ ಇಟ್ಟಿದ್ದಕ್ಕ ನಂದು ತಕರಾರಿಲ್ಲ. ಹಾಸಿಗಿ ಚಲೋ ಐತಿ. ಆದ್ರ ದೇವರಿಗೆ ಹೋಗ್ತೇನಿ ಅಂತ ಹೊಂಟವ ನಾನು, ಮುಟ್ಟಿಲ್ಲ. ನಾಳೆ ಅಂವ ಕೇಳಿದ್ರ ಉತ್ತರ ಕೊಡೋರು ಯಾರು? ನೀವೋ, ಡಾಕ್ಟರೋ, ಅಳಿಯಾನೋ?” ಇದು ಯಾವ ಕಲಮಿಗೆ ಬರುತ್ತದೆಂದು ನಮಗ್ಯಾರಿಗೂ ತಿಳಿಯಲಿಲ್ಲ. ಆದರೂ ಬರೆದುಕೊಂಡೆ. ಅವರು ಗುಣವಾಗಿ ಹೊರಟ ದಿನ ಅಳಿಯಂದಿರು ಮನೆಗಿಂತ ಮೊದಲು ದೇವರಗುಡ್ಡಕ್ಕೇ ಕಾರು ತಿರುಗಿಸಿದರು. ದೂರು ಇತ್ಯರ್ಥ.

ಬ್ಯಾಡಗಿಯ ಒಬ್ಬ ತಾಯಿ ಬಾಳೆಲ್ಲ ಮೆಣಸಿನಕಾಯಿಯ ತೊಟ್ಟು ಬಿಡಿಸಿದವರು. ಸಾರಿನ ಬಟ್ಟಲನ್ನೇ ಸಾಕ್ಷಿಯಾಗಿ ನನ್ನ ಮೇಜಿನ ಮೇಲೆ ತಂದಿಟ್ಟರು. “ಬ್ರದರಣ್ಣಾ, ಇದರ ಬಣ್ಣಾ ನೋಡು. ಇದು ಸಾರಲ್ಲ, ಕೈ ತೊಳದ ನೀರು. ಬ್ಯಾಡಗಿ ಹೆಣಮಗಳಿಗೆ ಇಂಥಾದ್ದು ಬಡಿಸಿದ್ರ ಅದು ಜೇಲಲ್ಲದ ಮತ್ತೇನು? ಬರಕೋ.” ಬರೆದುಕೊಂಡೆ. ಆಕೆಯನ್ನು ಇಟ್ಟುಕೊಂಡದ್ದು ಸರಿ, ಸಾರಿನ ವಿಷಯದಲ್ಲಿ ಆಸ್ಪತ್ರೆ ಗಮನ ಹರಿಸತಕ್ಕದ್ದು ಎಂದು ಮಂಡಳಿ ಹೇಳಿತು. ಆ ವಾರದಿಂದ ನಮ್ಮ ಅಡಿಗೆ ಮನೆಯ ಸಾರು ಕೆಂಪಗಾಯಿತು. ನೀವು ಇವತ್ತು ಅಲ್ಲಿ ಡ್ಯೂಟಿ ಮಾಡುವಾಗ ಉಣ್ಣುವ ಸಾರು ಆ ತಾಯಿಯ ದೂರಿನ ಫಲ. ನೆನೆದು ಉಣ್ಣಿರಿ.

ಇವೆಲ್ಲ ಬೇರೆಯವರ ಮೇಲಿನ ದೂರುಗಳಾದ್ದರಿಂದ ಬಹಳ ರುಚಿಯಾಗಿದ್ದವು. ನನ್ನ ಮೇಲೆ ಬಂದದ್ದು ಒಂದೇ. ಹೇಳಬೇಕೆಂದು ಕುಳಿತದ್ದು ಅದನ್ನೇ.

ಗುಡ್ಡಪ್ಪ ಎಂಬುವರು ಕದರಮಂಡಲಗಿಯ ಆಚೆಯ ಒಂದು ಹಳ್ಳಿಯವರು. ದನದ ಸಂತೆಯ ದಲಾಲಿ. ಆ ಕಸುಬು ಕಂಡಿಲ್ಲದವರಿಗಾಗಿ ಹೇಳುತ್ತೇನೆ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರು ಎದುರು ಬದುರು ನಿಂತು, ಕೈಗಳ ಮೇಲೆ ಟವೆಲ್ ಹಾಸಿಕೊಂಡು, ಒಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಅದುಮುತ್ತ ಚೌಕಾಶಿ ಮಾಡುತ್ತಾರೆ. ಸುತ್ತಲೂ ಜನ ನಿಂತಿದ್ದರೂ ಬೆಲೆ ಅವರಿಬ್ಬರಿಗೇ ಗೊತ್ತು. ಕೂಡಿದ ಕೈಯನ್ನು ಒಮ್ಮೆ ಜಗ್ಗಿ ಅಲುಗಿಸಿ ಟವೆಲ್ ತೆಗೆದರೆ ವ್ಯಾಪಾರ ಮುಗಿಯಿತು. ಕಾಗದ, ಸಹಿ ಏನೂ ಇಲ್ಲ. ಆ ಮಾತಿಗೆ ತಪ್ಪಿದವನ ಮುಂದೆ ಮತ್ತೆ ಯಾರೂ ಟವೆಲ್ ಹಾಸುವುದಿಲ್ಲ. ಅವನು ಸಂತೆಗೆ ಬರಬಹುದು, ಚಹಾ ಕುಡಿಯಬಹುದು, ಮನೆಗೆ ಹೋಗಬಹುದು. ದಲಾಲಿಯಾಗಿ ಸತ್ತಂತೆಯೇ.

ಗುಡ್ಡಪ್ಪನವರಿಗೆ ನಿದ್ದೆ ಹೋಗಿ, ಮಾತು ಹೆಚ್ಚಿ, ಲೋಕವೆಲ್ಲ ತನ್ನದೇ ಎನ್ನಿಸತೊಡಗಿದ್ದ ದಿನಗಳಲ್ಲಿ ಒಂದು ಸಂತೆ ಬಂತು. ಆ ಒಂದೇ ದಿನ ಅವರು ಟವೆಲ್ ಹಾಸಿದ್ದೇ ಹಾಸಿದ್ದು. ಬೇರೆಯವರಿಗಾಗಿ ಅಲ್ಲ, ತಮಗಾಗಿಯೇ. ಕಂಡ ಕಂಡ ಎತ್ತು, ಹೋರಿ, ಆಕಳು ಎಲ್ಲಕ್ಕೂ ಕೈ ಕೂಡಿಸಿ “ಅಮಾಸಿ ಸಂತ್ಯಾಗ ಬಂದು ಹೊಡಕೊಂಡು ಹೋಗ್ತೇನಿ” ಎಂದು ಹೇಳಿ ಬಂದರು. ಅವರ ಮಾತೆಂದರೆ ಮಾತು ಎಂದು ನಂಬಿದ ಒಬ್ಬ ಪುಣ್ಯಾತ್ಮ ಅಮಾವಾಸ್ಯೆಯವರೆಗೆ ಕಾಯದೆ ಜೋಡೆತ್ತನ್ನು ಮನೆಯ ಮುಂದೆಯೇ ತಂದು ಕಟ್ಟಿಬಿಟ್ಟ. ಹೆಂಡತಿ ಹೊನ್ನವ್ವನಿಗೆ ಗೊತ್ತಾದದ್ದು ಆವಾಗ.

ಹೊನ್ನವ್ವ ಸುಳ್ಳು ಹೇಳಿ ಕರೆತಂದವಳಲ್ಲ. “ನಿಮ್ಮ ತಲಿ ಸರಿ ಇಲ್ಲ, ದವಾಖಾನಿಗೆ ನಡೀರಿ” ಎಂದು ಮುಖದ ಮೇಲೆ ಹೇಳಿದಳಂತೆ. “ನೀ ಹೇಳ್ತಿ ಅಂದಮ್ಯಾಲ ಇರಬೌದು” ಎಂದು ಅವರೂ ಬಸ್ಸು ಹತ್ತಿದರಂತೆ. ಇಂಥ ದಾಖಲಾತಿ ನಾನು ಕಂಡಿರಲಿಲ್ಲ. ಆದರೆ ಡಾಕ್ಟರ್ ವಿನುತಾ, ಮೈಸೂರು ಕಡೆಯ ಚಿಕ್ಕ ವಯಸ್ಸಿನ ಹೆಣ್ಣುಮಗಳು, “ಕೆಲವು ದಿನ ಇಲ್ಲೇ ಇರಬೇಕಾಗುತ್ತೆ ಯಜಮಾನ್ರೇ” ಎಂದಾಗ ಅವರು ಎದ್ದು ನಿಂತರು.

“ಇರಾಕ ಆಗೂದಿಲ್ರಿ ಅವ್ವಾರ. ಗುಳಿಗಿ ಕೊಡ್ರಿ, ಒಯ್ತೇನಿ. ಅಮಾಸಿ ಸಂತಿ ಐತಿ.”

“ಅಲ್ಲಿಗೆ ಹೋಗಿ ಮತ್ತ ನಾಕ ಎತ್ತು ಹಿಡಿಯಾಕೇನು?” ಎಂದಳು ಹೊನ್ನವ್ವ. ಅರ್ಜಿಗೆ ಹೆಬ್ಬೆಟ್ಟು ಒತ್ತಿ, ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತ ಕಣ್ಣನ್ನೂ ಒರೆಸಿಕೊಂಡಳು. ವಾರ್ಡಿನ ನಿಯಮದಂತೆ ನಾನು ಗುಡ್ಡಪ್ಪನವರ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಕೈಗೆ ಕೊಟ್ಟೆ. ರೋಗಿಗಳ ಬಳಿ ಉದ್ದನೆಯ ಬಟ್ಟೆ ಇರಕೂಡದು. ಜೀವಕ್ಕೆ ಅಪಾಯ ಮಾಡಿಕೊಂಡಾರೆಂದು ಆ ನಿಯಮ. ನಿಯಮ ಸರಿಯಾದದ್ದೇ. ಆದರೆ ಹೆಗಲು ಬೋಳಾದ ಕೂಡಲೇ ಅವರು ಮಾತು ನಿಲ್ಲಿಸಿದರು. ಊಟ ಮುಟ್ಟಲಿಲ್ಲ. ಗುಳಿಗೆಯನ್ನು ಕೈಯಲ್ಲಿ ಹಿಡಿದು ನೋಡಿ ತಟ್ಟೆಗೆ ಹಾಕಿದರು.

ಡಾಕ್ಟರ್ ವಿನುತಾ ಮಾತಾಡಿಸಿದರು, ಲಲಿತಾ ಸಿಸ್ಟರ್ ಗದರಿದರು. ಏನೂ ಆಗಲಿಲ್ಲ. ಆಗ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು. ನನ್ನ ಸೋದರಮಾವ ಚಿಕ್ಕಂದಿನಲ್ಲಿ ಸಂತೆಗೆ ಕರೆದೊಯ್ದು ಬೆರಳು ಅದುಮುವ ಆಟ ಕಲಿಸಿದ್ದ. ಗುಡ್ಡಪ್ಪನವರ ಮಂಚದ ಅಂಚಿನಲ್ಲಿ ಕುಳಿತು, ಹಾಸಿಗೆಯ ಚಾದರವನ್ನು ನಮ್ಮಿಬ್ಬರ ಕೈಗಳ ಮೇಲೆ ಎಳೆದೆ.

ಅವರು ತಲೆಯೆತ್ತಿ ನನ್ನನ್ನು ದಿಟ್ಟಿಸಿದರು. “ಯಾತರ ಯಾಪಾರ?” ಎಂದರು. ವಾರ್ಡಿಗೆ ಬಂದಮೇಲೆ ಅದೇ ಮೊದಲ ಮಾತು.

“ದಿನದ್ದು. ಉಂಡು, ಗುಳಿಗಿ ತಗೊಂಡು, ಎಷ್ಟ ದಿನಾ ಇರ್ತೀರಿ ಹೇಳ್ರಿ.”

ಅವರು ನನ್ನ ಒಂದು ಬೆರಳು ಅದುಮಿದರು. ನಾನು ಎರಡೂ ಕೈ ಒಳಗೆ ತೂರಿಸಿ ಅವರ ಹತ್ತೂ ಬೆರಳು ಹಿಡಿದೆ. ಅವರು ಅವಮಾನವಾದಂತೆ ಮುಖ ತಿರುಗಿಸಿದರು. ಎರಡಾಯಿತು, ಎಂಟಾಯಿತು, ಮೂರಾಯಿತು. ಕಡೆಗೆ ಅವರು ನನ್ನ ಇಡೀ ಅಂಗೈ ಹಿಡಿದರು. ಐದು. ನಾನು ಒಪ್ಪಿದೆ. ಕೈಯನ್ನು ಒಮ್ಮೆ ಜಗ್ಗಿ ಅಲುಗಿಸಿ ಚಾದರ ಸರಿಸಿದರು.

“ಮುಗೀತು. ಊಟಾ ತರ್ರಿ.”

ಬಡಿಸಿದ್ದನ್ನೆಲ್ಲ ಉಂಡರು. ಗುಳಿಗೆ ನುಂಗಿದರು. ಆ ಸಂಜೆ ನಾನು ವಾರ್ಡಿನಲ್ಲಿ ಓಡಾಡಿದ ಠೀವಿಯನ್ನು ನೀವು ನೋಡಬೇಕಿತ್ತು. ಕಂಡವರಿಗೆಲ್ಲ ಹೇಳಿದೆ. ಚಿಕಿತ್ಸಾ ವಿಧಾನಕ್ಕೆ ನನ್ನದೇ ಒಂದು ಕೊಡುಗೆ ಎಂದು ಭಾವಿಸಿದ್ದೆ. ಬಿಡುವ ಅಧಿಕಾರ ನನ್ನದಲ್ಲ, ಡಾಕ್ಟರದು ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಅದು ‘ನಾಳೆ’ಯ ಹಾಗೆ ಇನ್ನೊಂದು ಔಷಧ, ಚಾದರದಲ್ಲಿ ಸುತ್ತಿ ಕೊಟ್ಟದ್ದು ಅಷ್ಟೇ ಎಂದುಕೊಂಡಿದ್ದೆ.

ಐದು ದಿನ ತುಂಬಿದ ಮರುದಿನ ಬೆಳಿಗ್ಗೆ ಡ್ಯೂಟಿಗೆ ಬಂದಾಗ ಗುಡ್ಡಪ್ಪನವರು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಹಾಸಿಗೆ ಸುತ್ತಿಟ್ಟು, ಬಾಗಿಲ ಹತ್ತಿರ ಬೆಂಚಿನ ಮೇಲೆ ಕುಳಿತಿದ್ದರು. ಕೈಯಲ್ಲಿ ಚಪ್ಪಲಿ.

“ತಗೀರಿ ಬಾಗಲಾ.”

ನಾನು ರೂಢಿಯಂತೆ ನಕ್ಕೆ. “ಇವತ್ತ ದೊಡ್ಡ ಡಾಕ್ಟರ್ ಇಲ್ರಿ ಯಜಮಾನ್ರ. ನಾಳೆ ನೋಡೂಣು.”

ಅವರು ಕೂಗಾಡಲಿಲ್ಲ. ಚಪ್ಪಲಿಯನ್ನು ನಿಧಾನವಾಗಿ ಬೆಂಚಿನ ಕೆಳಗಿಟ್ಟರು. “ಬ್ರದರ,” ಎಂದರು, “ನನಗ ನಿದ್ದಿ ಇದ್ದಿಲ್ಲ, ತಲಿ ಕೆಟ್ಟಿತ್ತು. ಆವಾಗ ಕೊಟ್ಟ ಮಾತನ್ನ ಸೈತ ಹೋಗಿ ಬಿಡಿಸಿಕೊಂಡು ಬರ್ಬೇಕಂತ ನಾ ಕುಂತೇನಿ. ಅಷ್ಟೂ ಮಂದಿ ಅಮಾಸಿ ಸಂತ್ಯಾಗ ನನ್ನ ದಾರಿ ಕಾಯ್ತಾರ. ಬ್ಯಾರೆ ಗಿರಾಕಿಗೆ ಕೊಡದ ಇಟಗೊಂಡಿರ್ತಾರ. ನೀವು ನಿದ್ದಿ ಮಾಡಿ, ಚಾ ಕುಡದು, ತಲಿ ನೆಟ್ಟಗ ಇದ್ದಾಗ ಕೈ ಕೂಡಿಸಿದವ್ರು. ನಿಮಗ ಏನ್ ಆಗೇತಿ?”

ಹೊನ್ನವ್ವನಿಂದ ಹೇಳಿ ಕಳಿಸಿದರೆ ಆಗದೇ ಎಂದು ಕೇಳಿದೆ.

“ಟವೆಲ್ ಒಳಗ ಕೂಡಿದ ಕೈ ಟವೆಲ್ ಒಳಗ ಬಿಡಬೇಕ್ರಿ. ಹೆಂಡ್ತಿ ಕಡಿಂದ ಹೇಳಿ ಕಳಿಸಿದ್ರ ನಾ ಸಂತಿಗೆ ಯಾವ ಮಾರಿ ಹೊತ್ತು ಹೋಗ್ಲಿ?” ಆಮೇಲೆ ಗೋಡೆಯ ಹಲಗೆಯ ಕಡೆ ಬೆರಳು ಮಾಡಿದರು. “ಅದರಾಗ ದೂರು ಕೊಡಬೌದು ಅಂತ ಬರದೈತಂತ. ಬರಕೊಳ್ಳೋರು ಯಾರು?”

“ನಾನ್ರಿ.”

“ಹಂಗಾರ ಕುಂದ್ರಿ. ಬರೀರಿ.”

ಹೀಗೆ ನನ್ನ ಮೇಲಿನ ದೂರನ್ನು ನಾನೇ ಬರೆದುಕೊಂಡೆ. ತನ್ನ ಮರಣದಂಡನೆಯ ಕಾಗದವನ್ನು ತಾನೇ ಸುಂದರ ಅಕ್ಷರದಲ್ಲಿ ಬರೆದಂತೆ. “ಬ್ರದರ್ ಇವರು ಐದು ದಿನಕ್ಕೆ ಒಪ್ಪಿ ಕೈ ಕೂಡಿಸಿದ್ದು ಖರೇ ಇರುತ್ತದೆ” ಎಂದು ಬರೆದೆ. “‘ಬುದ್ಧಿಪೂರ್ವಕ’ ಅಂತ ಸೇರಸ್ರಿ” ಎಂದರು. ಸೇರಿಸಿದೆ. “ಮನಶ್ಯಾ ಕೆಟ್ಟಾವ ಅಲ್ಲ ಅಂತನೂ ಬರೀರಿ, ಅದೂ ಖರೇನ.” ಅದನ್ನೂ ಸೇರಿಸಿದೆ; ಆ ಸಾಲನ್ನು ಸ್ವಲ್ಪ ದಪ್ಪಗೆ ಬರೆದೆ ಎಂದು ಒಪ್ಪಿಕೊಳ್ಳುತ್ತೇನೆ.

ಡಾಕ್ಟರ್ ವಿನುತಾ ಓದಿ ನಕ್ಕಾರೆಂದುಕೊಂಡಿದ್ದೆ. ಅವರು ನಗಲಿಲ್ಲ. “ಅವರಿಗೆ ಆ ದಿನದಿಂದ ನಿದ್ದೆ ಬರ್ತಾ ಇದೆ, ಮಾತು ಹದಕ್ಕೆ ಬಂದಿದೆ. ಯಾಕೆ ಅಂತ ನಾನು ಯೋಚಿಸ್ತಾ ಇದ್ದೆ. ನಿಮ್ಮನ್ನ ನಂಬಿದ್ರು ಬ್ರದರ್, ಅದಕ್ಕೆ ಗುಳಿಗೆ ನುಂಗಿದ್ರು,” ಎಂದರು. ಆ ಮಧ್ಯಾಹ್ನದ ಗುಳಿಗೆಯನ್ನು ಗುಡ್ಡಪ್ಪನವರು ತಟ್ಟೆಗೇ ಹಾಕಿದ್ದರು.

ಅಮಾವಾಸ್ಯೆಗೆ ಇನ್ನು ಹೆಚ್ಚು ದಿನವಿರಲಿಲ್ಲ. ಅಷ್ಟರಲ್ಲಿ ಮಂಡಳಿ ಬಂದು ಕೇಳಬೇಕಿತ್ತು. ಬಂತು.

ಮಂಡಳಿಯ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಕರಾವಳಿಯ ಕಡೆಯವರು, ಬಹಳ ಮೆಲ್ಲಗೆ ಮಾತನಾಡುವವರು, ಅದರಿಂದಲೇ ಎಲ್ಲರಿಗೂ ಅಂಜಿಕೆ. ನಮ್ಮ ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ಮೇಜಿಗೆ ಹಸಿರು ಬಟ್ಟೆ ಹಾಸಿ ಸಭೆ. ಒಂದು ಬದಿಗೆ ಗುಡ್ಡಪ್ಪ, ಇನ್ನೊಂದು ಬದಿಗೆ ಹೊನ್ನವ್ವ, ನಡುವೆ ಆರೋಪಿಯಾಗಿ ನಾನು.

“ನೀವು ಈ ಒಪ್ಪಂದ ಮಾಡಿಕೊಂಡದ್ದು ಹೌದೇ?” ಎಂದು ಅಧ್ಯಕ್ಷರು ನನ್ನನ್ನು ಕೇಳಿದರು.

“ಹೌದು ಸರ್.”

“ಹಾಗೆ ಮಾಡಲು ನಿಮಗೆ ಅಧಿಕಾರ ಇತ್ತೇ?”

“ಇರಲಿಲ್ಲ ಸರ್.”

“ಎತ್ತು ನಿಮ್ಮದಲ್ಲದಿದ್ದರೆ ಮಾರಲು ಹೋದದ್ದು ಯಾಕೆ?”

ಗುಡ್ಡಪ್ಪನವರ ಮುಖ ಮೊದಲ ಬಾರಿ ಅರಳಿತು. “ನೋಡ್ರಿ, ಸಾಹೇಬ್ರಿಗೆ ತಿಳೀತು” ಎಂದರು.

ಹೊನ್ನವ್ವನ ಸರದಿ ಬಂತು. ಅವಳು ನಿಂತು ನೇರವಾಗಿ ಹೇಳಿದಳು: “ಸಾಹೇಬ್ರ, ಇವ್ರು ಕೆಟ್ಟವ್ರಲ್ರಿ. ಆದ್ರ ಸಂತ್ಯಾಗ ಬಿಳೇ ಹೋರಿ ಕಂಡ್ರ ಕೈ ತಡ್ಯಾಂಗಿಲ್ಲ. ಈಗ ಸ್ವಲ್ಪ ನಿದ್ದಿ ಹತ್ತೇತಿ. ಮತ್ತ ಕೆಟ್ಟು ಹೋದ್ರ ನಾ ಒಬ್ಬಾಕಿ ಎಲ್ಲಿಂತ ಹಿಡೀಲಿ? ಇವ್ರ ಮಾತ ಉಳೀಲಿ ಅಂತ ನನಗೂ ಐತಿ. ಮನಶ್ಯಾ ಮೊದಲ ಉಳೀಬೇಕಲ್ರಿ.”

ಇಬ್ಬರದೂ ಸರಿ. ಎಷ್ಟೋ ದೂರುಗಳನ್ನು ನಾನು ಕಂಡಿದ್ದೇನೆ. ಒಳಗಿಟ್ಟವರು ದುಷ್ಟರು, ಒಳಗಿದ್ದವರು ಬಡಪಾಯಿಗಳು ಎಂಬಂಥವು ಬಹಳ ಕಡಿಮೆ. ಹೆಚ್ಚಾಗಿ ಹೀಗೇ, ಇಬ್ಬರದೂ ಸರಿ, ನಡುವೆ ಒಂದು ಬಾಗಿಲು.

ಅಧ್ಯಕ್ಷರು ಡಾಕ್ಟರ್ ವಿನುತಾರ ಕಡೆ ತಿರುಗಿ, ಆಸ್ಪತ್ರೆಯಿಂದ ಬಿಡದೆ ಒಂದು ದಿನದ ಮಟ್ಟಿಗೆ ರಜೆಯ ಮೇಲೆ ಕಳಿಸಲು ಬರುವುದೇ ಎಂದು ಕೇಳಿದರು. ಬರುತ್ತದೆ, ಹೊನ್ನವ್ವ ಒಪ್ಪಿದರೆ, ಜೊತೆಗೆ ಒಬ್ಬರು ಹೋದರೆ ಎಂದರು ಅವರು. ಹೊನ್ನವ್ವ ಗಂಡನ ಮುಖ ನೋಡಿದಳು. “ಬಿಳೇ ಹೋರಿ?” ಎಂದಳು. “ಮಾರಿ ತಿರುವ್ತೇನಿ” ಎಂದರು ಅವರು, ಮುಖವನ್ನು ಗೋಡೆಯ ಕಡೆ ತಿರುಗಿಸಿ ತೋರಿಸುತ್ತ. ಅವಳು ತಲೆಯಾಡಿಸಿದಳು.

“ಸಂತೆಯಿಂದ ಸಂಜೆ ತಿರುಗಿ ಇಲ್ಲಿಗೇ ಬರುತ್ತೀರಿ, ಡಾಕ್ಟರು ಹೇಳುವವರೆಗೆ ಇರುತ್ತೀರಿ, ಗುಳಿಗೆ ತೆಗೆದುಕೊಳ್ಳುತ್ತೀರಿ. ಒಪ್ಪಿಗೆಯೇ?” ಎಂದು ಕೇಳಿದರು ಅಧ್ಯಕ್ಷರು.

“ಒಪ್ಪಿಗಿ ಐತ್ರಿ. ಆದ್ರ ಬಾಯಾಗ ಹೇಳಿದ್ರ ಗಟ್ಟಿ ಆಗೂದಿಲ್ಲ. ಟವೆಲ್ ಕೊಡಸ್ರಿ.”

ಹೊನ್ನವ್ವ ಚೀಲದಿಂದ ಟವೆಲ್ ತೆಗೆದುಕೊಟ್ಟಳು. ನಾನು ನೆಲ ನೋಡುತ್ತಿದ್ದೆ. ತಲೆಯೆತ್ತಿದಾಗ ಅಧ್ಯಕ್ಷರು ಕನ್ನಡಕ ತೆಗೆದು ಮಡಚಿ ಮೇಜಿನ ಮೇಲಿಟ್ಟು, ಅಂಗಿಯ ತೋಳು ಸ್ವಲ್ಪ ಮೇಲೆ ಸರಿಸಿ, “ಹೇಗೆ ಹಿಡಿಯಬೇಕು?” ಎಂದು ಕೇಳುತ್ತಿದ್ದರು. ಗುಡ್ಡಪ್ಪ ತೋರಿಸಿದರು. ಹಸಿರು ಮೇಜಿನ ಮೇಲೆ, ಟವೆಲ್ಲಿನ ಕೆಳಗೆ, ನ್ಯಾಯಾಂಗವೂ ದನದ ದಲಾಲಿಯೂ ಬೆರಳು ಕೂಡಿಸಿದರು. ಒಮ್ಮೆ ಜಗ್ಗಿ ಅಲುಗಿಸಿದ್ದೂ ಆಯಿತು.

“ಸಾಹೇಬ್ರ ಕೈ ಮೆತ್ತಗೈತಿ,” ಎಂದು ಗುಡ್ಡಪ್ಪ ಆಮೇಲೆ ನನಗೆ ಹೇಳಿದರು, “ಆದ್ರ ಹಿಡತ ಚಲೋ ಐತಿ.” ಮಂಡಳಿಯ ಆದೇಶದಲ್ಲಿ ಈ ಭಾಗ ಬಿಟ್ಟುಹೋಗಿದೆ. ಜೊತೆಗೆ ಹೋಗತಕ್ಕವನು ಯಾರೆಂಬುದು ಮಾತ್ರ ಸ್ಪಷ್ಟವಾಗಿ ನಮೂದಾಗಿತ್ತು. ನಾನೇ.

ಅಮಾವಾಸ್ಯೆಯ ಸಂತೆ. ಹಾವೇರಿಯ ದನದ ಸಂತೆಯ ಧೂಳಿನಲ್ಲಿ ಗುಡ್ಡಪ್ಪನವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮುಂದೆ, ನಾನು ಪೊಲೀಸನ ಹಾಗೆ ಕಾಣಬಾರದೆಂದು ಕೈಯಲ್ಲೊಂದು ಹಗ್ಗ ಹಿಡಿದುಕೊಂಡು ಹಿಂದೆ. ಹಗ್ಗದಿಂದಾಗಿ ಇಬ್ಬರು ನನ್ನನ್ನು ಎತ್ತು ಎಲ್ಲಿ ಎಂದು ಕೇಳಿದರು.

ಮೊದಲು ಸಿಕ್ಕವನು ನಡುವಯಸ್ಸಿನ ಒರಟ ಮನುಷ್ಯ. “ಏನ್ ಗುಡ್ಡಪ್ಪಣ್ಣ, ಹುಚ್ಚರ ದವಾಖಾನಿ ಸೇರಿದ್ಯಂತಲ್ಲ? ಸುದ್ದಿ ಖರೇ ಏನು?” ಎಂದು ಹತ್ತು ಜನಕ್ಕೆ ಕೇಳುವಂತೆ ಕೂಗಿದ.

“ಖರೇ,” ಎಂದರು ಗುಡ್ಡಪ್ಪ. “ಇನ್ನೂ ಅಲ್ಲೇ ಅದೇನಿ. ಇವ್ರು ನಮ್ಮ ಬ್ರದರು. ಇವತ್ತ ರಜಾ ಹಾಕಿ ಬಂದೇನಿ. ಅವತ್ತ ನಿನ್ನ ಕೂಡ ಕೈ ಕೂಡಿಸಿದಾಗ ನನ್ನ ತಲಿ ನನ್ನ ಕೈಯಾಗ ಇದ್ದಿಲ್ಲ. ಬಿಡಿಸಿಕೋಬೇಕಂತ ಬಂದೇನಿ. ನೀ ಬಿಟ್ರ ಬಿಡು, ಬಿಡದಿದ್ರ ಎತ್ತು ನಂದ.”

ಟವೆಲ್ ಹಾಸಿದರು. ಒಳಗೆ ಯಾವ ಬೆರಳನ್ನೂ ಅದುಮದೆ ಅಂಗೈ ಬಿಚ್ಚಿ ಹಿಡಿಯಬೇಕಂತೆ, ಎದುರಿನವನು ಒಪ್ಪಿದರೆ ಅಂಗೈಗೆ ಅಂಗೈ ತಾಗಿಸಿ ಬಿಡಬೇಕಂತೆ. ಆ ಒರಟ ಮನುಷ್ಯ ಅಂಗೈಗೆ ಅಂಗೈ ತಾಗಿಸಿದ. ಆಮೇಲೆ ಟವೆಲ್ಲಿನಿಂದ ಕೈ ತೆಗೆದು, ಅದೇ ಕೈಯಿಂದ ಕಣ್ಣೊರೆಸಿಕೊಂಡು, “ನಿನ್ನೌನ, ಇದಕ್ಕ ದವಾಖಾನಿಂದ ಎದ್ದು ಬಂದ್ಯಾ? ನಡಿ, ಚಾ ಕುಡಿಯೂಣು” ಎಂದ.

ಹೀಗೇ ಒಬ್ಬೊಬ್ಬರು. ಜೋಡೆತ್ತನ್ನು ಮನೆಗೇ ತಂದು ಕಟ್ಟಿದ್ದವನು ಬೈಯುತ್ತಲೇ ಕೈ ಬಿಟ್ಟ. ಒಬ್ಬ ಔಷಧದ ಹೆಸರು ಕೇಳಿ, ತನ್ನ ತಮ್ಮನಿಗೂ ನಿದ್ದೆ ಬರುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದ. ಗಬ್ಬದ ಆಕಳ ಹಗ್ಗ ಹಿಡಿದು ನಿಂತಿದ್ದ ಒಬ್ಬ ಮುದುಕ ಮಾತ್ರ ಬಿಡಲು ಒಪ್ಪಲೇ ಇಲ್ಲ: “ನಾ ಬಿಡಂಗಿಲ್ಲ. ಆರಾಮಾಗಿ ಬಾ, ಮುಂದಿನ ವರ್ಷ ಇದರ ಕರಾ ತಗೊಂಡು ಹೋಗು. ಅಲ್ಲೀತನಕ ಕೈ ಕೂಡೇ ಇರ್ಲಿ.” ಗುಡ್ಡಪ್ಪ ಅವನ ಕಾಲು ಮುಟ್ಟಲು ಬಾಗಿದರು, ಮುದುಕ ಅವರ ಟವೆಲ್ ಹಿಡಿದು ಎಬ್ಬಿಸಿದ.

ನಡುವೆ ಒಂದು ಬಿಳಿ ಹೋರಿ ಹಾದುಹೋಯಿತು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಎತ್ತಿನ ವಿಷಯದಲ್ಲಿ ಏನೂ ತಿಳಿಯದ ನನಗೇ ಒಂದು ಬೆರಳು 	ಅದುಮೋಣ ಅನ್ನಿಸಿತು. ಗುಡ್ಡಪ್ಪನವರ ಕೈ ಟವೆಲ್ಲಿಗೆ ಹೋಯಿತು. ಹೋಗಿ, ಅದರ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ನಿಂತಿತು. ಹೋರಿ ದಾಟುವವರೆಗೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. “ಹೋತೇನ್ರಿ?” ಎಂದರು. “ಹೋತ್ರಿ” ಎಂದೆ.

ಆಮೇಲೆ ನಡೆದದ್ದನ್ನು ಬರೆಯಲು ಈಗಲೂ ಬೆವರುತ್ತದೆ. ಎತ್ತು ತುಂಬಿದ ಲಾರಿಯೊಂದು ನಮ್ಮಿಬ್ಬರ ನಡುವೆ ಹಾದುಹೋಯಿತು. ಅದು ದಾಟಿದಾಗ ಆ ಕಡೆ ಗುಡ್ಡಪ್ಪ ಇರಲಿಲ್ಲ.

ಸಂತೆಯನ್ನು ಈ ತುದಿಯಿಂದ ಆ ತುದಿಗೆ ಜಾಲಾಡಿದೆ. ಬಿಳಿ ಹೋರಿಯನ್ನು ಹುಡುಕಿ ಅದರ ಸುತ್ತ ನಿಂತವರ ಮುಖವನ್ನೆಲ್ಲ ನೋಡಿದೆ. ಚಹಾ ಅಂಗಡಿ, ಬಸ್ ನಿಲ್ದಾಣ ನೋಡಿದೆ. ಮೊಬೈಲು ಕೈಗೆತ್ತಿಕೊಂಡು ಡಾಕ್ಟರಿಗೆ ಹೇಳಲು ಧೈರ್ಯ ಸಾಲದೆ ಜೇಬಿಗೆ ಹಾಕಿದೆ. ಮೆತ್ತಗೆ ಮಾತನಾಡುವ ಅಧ್ಯಕ್ಷರು, ತಲೆಯಾಡಿಸಿದ ಹೊನ್ನವ್ವ, ನನ್ನ ಪಿಂಚಣಿ, ಎಲ್ಲರೂ ಕಣ್ಣ ಮುಂದೆ ಸಾಲಾಗಿ ಬಂದು ನಿಂತರು. ಪಿಂಚಣಿ ಸಾಲಿನಲ್ಲಿ ಸ್ವಲ್ಪ ಮುಂದೆಯೇ ಇತ್ತು. ಕಡೆಗೆ ಹಗ್ಗ ಹಿಡಿದುಕೊಂಡೇ ಆಸ್ಪತ್ರೆಗೆ ನಡೆದೆ.

ಗುಡ್ಡಪ್ಪನವರು ವಾರ್ಡಿನ ಬಾಗಿಲ ಹೊರಗಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದರು. ಟವೆಲ್ಲನ್ನು ಮಡಚಿ ಲಲಿತಾ ಸಿಸ್ಟರ ಕೈಗೆ ಆಗಲೇ ಒಪ್ಪಿಸಿದ್ದರು.

“ಎಲ್ಲಿ ಹೋಗಿದ್ರಿ ಬ್ರದರ?” ಎಂದರು. “ಎಷ್ಟ ಹುಡುಕೋದ್ರಿ ನಿಮ್ಮನ್ನ? ಡ್ಯೂಟಿ ಮ್ಯಾಗ ಇದ್ದವ್ರು ಹಿಂಗ ಸಂತ್ಯಾಗ ತಪ್ಪಿಸಿಕೊಂಡ್ರ ಹೆಂಗ? ಸಂಜಿ ಆಗಾಕತ್ತಿತ್ತು, ಸಾಹೇಬ್ರಿಗೆ ಮಾತು ಕೊಟ್ಟೇನಿ, ಬಂದ ಬಿಟ್ಟೆ. ಲಗೂ ಬಾಗಲಾ ತಗೀರಿ, ಗುಳಿಗಿ ಹೊತ್ತಾತು.”

ಬಾಗಿಲು ತೆಗೆದೆ. ಹಗ್ಗ ಇನ್ನೂ ಕೈಯಲ್ಲೇ ಇದ್ದುದರಿಂದ ಸೊಂಟದ ಬೀಗದ ಕೈ ಬಿಚ್ಚಲು ತಡವಾಯಿತು. ಅವರು ಹೊರಗೆ ನಿಂತು ಸಮಾಧಾನದಿಂದ ಕಾದರು. ಒಳಗೆ ಹೋಗಲು ಒಬ್ಬ ಮನುಷ್ಯ ಆ ಬಾಗಿಲ ಮುಂದೆ ಹಾಗೆ ಕಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೆಲವು ವಾರಗಳ ಮೇಲೆ ಡಾಕ್ಟರ್ ವಿನುತಾ ಅವರನ್ನು ಮನೆಗೆ ಕಳಿಸಿದರು. ಹೊನ್ನವ್ವ ಬಂದು ಕರೆದೊಯ್ದಳು. ಆಮೇಲೆ ಔಷಧಕ್ಕೆಂದು ಬಂದಾಗಲೆಲ್ಲ ವಾರ್ಡಿಗೆ ಬಂದು ನನ್ನನ್ನು ಮಾತಾಡಿಸಿ, ಮೇಜಿನ ಮೇಲೆ ಎರಡು ಜೋಳದ ತೆನೆಯನ್ನೋ ಹಸಿ ಶೇಂಗಾವನ್ನೋ ಇಟ್ಟು ಹೋಗುತ್ತಿದ್ದರು. ಮುದುಕನ ಕರುವನ್ನೂ ಹೇಳಿದ ಸಂತೆಗೆ ಹೋಗಿ ಹೊಡೆದುಕೊಂಡು ಬಂದರು.

ನಾನು ‘ನಾಳೆ’ ಎಂಬ ಔಷಧ ಹಂಚುವುದನ್ನು ಬಿಟ್ಟೆ. ಬಿಡುವುದು ಸುಲಭವಾಗಿರಲಿಲ್ಲ, ನಾಲಿಗೆಗೆ ಅಭ್ಯಾಸವಾಗಿತ್ತು. ಯಾವಾಗ ಬಿಡ್ತೀರಿ ಎಂದು ಕೇಳಿದರೆ “ನನಗ ಗೊತ್ತಿಲ್ರಿ, ಕೇಳಿ ಬಂದು ಹೇಳ್ತೇನಿ” ಎಂದು ಹೇಳಿ, ನಿಜವಾಗಿ ಹೋಗಿ ಕೇಳಿ, ನಿಜವಾಗಿ ಬಂದು ಹೇಳತೊಡಗಿದೆ. ಕೆಲವರು ಅತ್ತರು, ಕೆಲವರು ಬೈದರು. ಆದರೆ ಮಾರನೆಯ ದಿನ ಮತ್ತೆ ನನ್ನನ್ನೇ ಕೇಳಿದರು. ಹೊಸಬರಿಗೆ ನಾನು ಹೇಳಬಲ್ಲ ಕಸುಬಿನ ಗುಟ್ಟು ಇಷ್ಟೇ, ಉಳಿದದ್ದು ಪುಸ್ತಕದಲ್ಲಿದೆ.

ನನ್ನ ನಿವೃತ್ತಿಯ ದಿನ ಗುಡ್ಡಪ್ಪ ದಂಪತಿಗಳೂ ಬಂದಿದ್ದರು. ಹಾರ ತುರಾಯಿ ಮುಗಿದ ಮೇಲೆ ಅವರನ್ನು ಪಕ್ಕಕ್ಕೆ ಕರೆದೆ.

“ಯಜಮಾನ್ರ, ಇಡೀ ನೌಕರ್‍ಯಾಗ ನನ್ನ ಮ್ಯಾಲ ಇರೋದು ನಿಮ್ಮದೊಂದ ದೂರು. ಇವತ್ತರ ವಾಪಸ್ ತಗೋಬಾರದ?”

ಅವರು ಗಂಭೀರವಾಗಿ ಯೋಚಿಸಿದರು. “ಆಗಿದ್ದು ಖರೇ ಅಲ್ರಿ? ಖರೇದ್ದನ್ನ ಹೆಂಗ ವಾಪಸ್ ತಗೊಳ್ಳೂದು? ಅದು ಇರ್ಲಿ. ತಗೊಂಡ್ರ ನೀವು ಮತ್ತ ನಾಳೆ ನಾಳೆ ಅನ್ನಾಕ ಚಾಲೂ ಮಾಡ್ತೀರಿ.”

“ಇನ್ನ ಯಾರಿಗೆ ಅನ್ಲಿ? ನಾಳಿಂದ ಮನ್ಯಾಗ ಕೂಡಾವ ನಾನು.”

ಗುಡ್ಡಪ್ಪ ನನ್ನ ಹೆಂಡತಿಯ ಕಡೆ ನೋಡಿದರು. ಹೊನ್ನವ್ವನೂ ನೋಡಿದಳು. ನನ್ನ ಹೆಂಡತಿ, ಎಷ್ಟೋ ವರ್ಷದಿಂದ ಅಡಿಗೆ ಮನೆಯ ಸೋರುವ ನಲ್ಲಿಯ ವಿಷಯದಲ್ಲಿ ನನ್ನಿಂದ ‘ನಾಳೆ’ ಎಂದು ಕೇಳಿಸಿಕೊಂಡವಳು, ಮುಂದೆ ಬಂದು ಗುಡ್ಡಪ್ಪನವರಿಗೆ ಕೈಮುಗಿದು, “ಅಣ್ಣಾರ, ದೂರು ಹಂಗ ಇರ್ಲಿ” ಎಂದಳು.

ದೂರು ಇಂದಿಗೂ ಊರ್ಜಿತದಲ್ಲಿದೆ. ನಲ್ಲಿಯನ್ನು ಆ ವಾರವೇ ಸರಿ ಮಾಡಿಸಿದೆ.